ಎರಡೂವರೆ ಇಂಚು

ಅಳತೆ ತೆಗೆದವನು ಕೋಳಿನಿದ್ದೆಯಲ್ಲಿದ್ದನೇನೋ. ಪಕ್ಕದವನ ಅಂಕಿ ಇವನ ಸಾಲಿಗೆ ಬಂದು ಕೂತಿತ್ತೇನೋ. ಅಥವಾ ಟೇಪಿನ ತುದಿ ಎರಡಿಂಚು ಹರಿದುಹೋಗಿತ್ತೇನೋ. ಆದರೆ ಟೇಪು ಹರಿದಿದ್ದರೆ ಎದೆ, ಸೊಂಟಗಳೂ ಹಿಗ್ಗಬೇಕಿತ್ತು. ಅವು ಕುಗ್ಗಿದ್ದವು. ತೋಳು ಮತ್ತು ಕಾಲು ಮಾತ್ರ ಬೆಳೆದಿದ್ದವು.

ಇನ್ಸ್‌ಪೆಕ್ಟರ್ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದ. ಮತ್ತೆ ಮಗುಚಿದ. ಹೇಗಿಟ್ಟರೂ ಅಂಕಿ ಅದೇ.

ನಂಬಬೇಕು ಅನ್ನಿಸುವ ಕಾರಣಗಳನ್ನು ನಂಬಬಾರದು ಎಂಬುದು ಪೊಲೀಸ್ ಇಲಾಖೆಯಲ್ಲಿದ್ದಾಗ ಅವನು ಕಲಿತ ಒಂದೇ ಪಾಠ. ಅಲ್ಲಿಂದ ಎರವಲು ಬಂದು ಈ ಕೋಣೆಯಲ್ಲಿ ಕೂತು ಮೂರು ವರ್ಷವಾಗಿತ್ತು. ಬಾಗಿಲ ಮೇಲೆ 'ಹೊರದೇಶದ ಬಂದಿಗಳ ನೆರವು ವಿಭಾಗ' ಎಂಬ ಬೋರ್ಡು. ಒಳಗೆ ಎರಡು ಮೇಜು, ನಾಲ್ಕು ಕಬ್ಬಿಣದ ಬೀರು, ಬೀರುಗಳ ತುಂಬ ಯಾವುಯಾವುದೋ ದೇಶದ ಜೈಲುಗಳಲ್ಲಿ ಕೊಳೆಯುತ್ತಿದ್ದ ನಾನ್ನೂರು ಚಿಲ್ಲರೆ ಮನುಷ್ಯರು, ಒಬ್ಬೊಬ್ಬರಿಗೂ ಒಂದೊಂದು ಕಡತ.

ಅವರಲ್ಲಿ ಹನ್ನೊಂದು ಜನ ಈ ಶುಕ್ರವಾರ ಮರಳಿ ಬರುವವರಿದ್ದರು. ಎಲ್ಲರೂ ಒಂದೇ ಸರಕು ಹಡಗಿನವರು. ಹಡಗಿನ ಹೊಟ್ಟೆಯಲ್ಲಿ ಕಳ್ಳಮಾಲು ಸಿಕ್ಕಿತ್ತು. ತುಂಬಿಸಿದವನು ಪಾರಾದ, ತುಂಬಿದ್ದು ಗೊತ್ತಿಲ್ಲದವರು ಹನ್ನೆರಡು ವರ್ಷಕ್ಕೆ ಒಳಹೋದರು. ಆರು ವರ್ಷ ಕಳೆದಿತ್ತು. ಎರಡು ಸರಕಾರಗಳ ನಡುವೆ ಈಗ ಒಪ್ಪಂದವಾಗಿತ್ತು: ಉಳಿದ ಶಿಕ್ಷೆಯನ್ನು ತಮ್ಮ ದೇಶದ ಜೈಲಿನಲ್ಲೇ ಕಳೆಯಬಹುದು. ಅಷ್ಟೇ. ಆದರೆ ಇಲ್ಲಿಯ ಜೈಲಿಗೆ ಭಾನುವಾರ ಮನೆಯವರು ಬಂದು ಮುಖ ನೋಡಬಹುದು.

ಜೈಲಿನ ಬಟ್ಟೆಯನ್ನು ಅಲ್ಲಿಯ ಗೇಟಿನಲ್ಲೇ ಬಿಚ್ಚಿಕೊಡಬೇಕು ಎಂಬ ನಿಯಮ. ಹಾಗಾಗಿ ವಿಭಾಗವೇ ತಲೆಗೊಂದು ಜೊತೆ ಅಂಗಿ ಪ್ಯಾಂಟು ಹೊಲಿಸಿ ಕಳಿಸಬೇಕು. ಜೈಲಿನಿಂದ ಅಳತೆಯ ಚೀಟಿಗಳು ಬಂದಿದ್ದವು. ಹತ್ತು ಜೊತೆ ಗುತ್ತಿಗೆದಾರನಿಗೆ ಹೋದವು. ಹನ್ನೊಂದನೆಯದಕ್ಕೆ ಒಬ್ಬಾಕೆ ಅಡ್ಡ ನಿಂತಳು.

"ನನ್ನ ತಮ್ಮನ ಬಟ್ಟೆ ನಾನಿರುವಾಗ ಬೇರೆಯವರು ಯಾಕೆ ಹೊಲೀಬೇಕು?"

ಆಕೆ ದರ್ಜಿ. ಹಡಗಿನ ಎಂಜಿನ್ ಕೋಣೆಯಲ್ಲಿ ಎಣ್ಣೆ ಹಾಕುತ್ತಿದ್ದವನ ಅಕ್ಕ. ಚೀಟಿ ಒಯ್ದವಳು ನಿನ್ನೆ ಸೋಮವಾರ ಅದನ್ನೇ ಹಿಡಿದು, ಜೊತೆಗೆ ಅಂಗಡಿಯ ಹಳೆಯ ಅಳತೆ ಪುಸ್ತಕವನ್ನೂ ಹಿಡಿದು ಮರಳಿ ಬಂದಿದ್ದಳು.

"ಎದೆ ಇಳಿದಿದೆ, ಸೊಂಟ ಇಳಿದಿದೆ. ಜೈಲೂಟ, ಇಳೀಲಿ. ಆದ್ರೆ ತೋಳು ನೋಡಿ. ನನ್ನ ಪುಸ್ತಕದಲ್ಲಿ ಇಪ್ಪತ್ತೆರಡೂವರೆ. ಇಲ್ಲಿ ಇಪ್ಪತ್ತೈದು. ಕಾಲೂ ಮೂರಿಂಚು ಹೆಚ್ಚು. ಜೈಲಲ್ಲಿ ಮನುಷ್ಯ ಸೊರಗಬಹುದು ಸಾರ್. ಉದ್ದ ಆಗ್ತಾನಾ?"

ಅವನು ಆಕೆಯೆದುರೇ ಆ ಜೈಲಿಗೆ ಎರಡು ಸಾಲಿನ ಪತ್ರ ಕಳಿಸಿದ: ಈ ನಂಬರಿನವನ ಅಳತೆಯನ್ನು ಇನ್ನೊಮ್ಮೆ ತೆಗೆದು ತಿಳಿಸಿ. ಆಮೇಲೆ ಹಳೆಯ ಚಾಳಿಯಂತೆ, ಗುರುತಿಗೆ ಮೈಮೇಲೆ ಏನಾದರೂ ಇದೆಯೇ ಎಂದು ಕೇಳಿದ.

"ಎಡಗೈ ಮಣಿಕಟ್ಟಿನ ಮೇಲೆ ಇಸ್ತ್ರಿಪೆಟ್ಟಿಗೆ ತುದಿ ಅಚ್ಚೊತ್ತಿದೆ. ಏಳು ವರ್ಷದವನು, ಮುಟ್ಟಬೇಡ ಅಂದಿದ್ದೇ ತಡ ಮುಟ್ಟಿದ. ಸುಟ್ಟುಕೊಂಡಿದ್ದು ಅವನು, ಅಮ್ಮನ ಹತ್ರ ಏಟು ತಿಂದಿದ್ದು ನಾನು."

"ಕಾಗದ ಬರ್ತಾ ಇದೆಯಲ್ಲಮ್ಮ?"

"ತಿಂಗಳು ತಪ್ಪಿಲ್ಲ. ಅವನಿಗೆ ಬರೆಯೋಕೆ ಬರಲ್ಲ, ಜೊತೆಯವರೊಬ್ಬರು ಎಲ್ಲರ ಕಾಗದಾನೂ ಬರೀತಾರೆ. ಮುಂಚೆ ಎರಡು ಸಾಲು ಬಂದ್ರೆ ಹೆಚ್ಚು. ಈಗ ಎರಡು ವರ್ಷದಿಂದ ಪುಟಗಟ್ಟಲೆ. ನಿನ್ನ ಮೊಣಕಾಲು ಹೇಗಿದೆ, ಹೊತ್ತಿಗೆ ಸರಿಯಾಗಿ ಊಟ ಮಾಡ್ತೀಯಾ ಅಂತೆಲ್ಲ ಕೇಳ್ತಾನೆ. ಜೈಲಿಗೆ ಹೋಗಿಯಾದ್ರೂ ಬುದ್ಧಿ ಬಂತಲ್ಲ ಅಂದ್ಕೊಂಡೆ."

ಆ ಮಾತಿಗೆ ಆಕೆ ನಕ್ಕಿದ್ದಳು. ಅವನಿಗೆ ನಗು ಬಂದಿರಲಿಲ್ಲ.

"ಆ ಚೀಟಿಗೆ ದೃಷ್ಟಿ ತಗುಲುತ್ತೆ ಸಾರ್, ಕೆಳಗಿಡಿ," ಎಂದಳು ಎದುರು ಮೇಜಿನ ಟಪಾಲಮ್ಮ. ಬಂದ ಪತ್ರ, ಹೋದ ಪತ್ರ ಎಲ್ಲ ಹದಿನೆಂಟು ವರ್ಷದಿಂದ ಆಕೆಯ ಕೈಯಲ್ಲೇ ಹಾದುಹೋಗುತ್ತಿದ್ದವು. ಹೆಸರು ಹಾಗೇ ಅಂಟಿಕೊಂಡಿತ್ತು.

ಅವನು ಭೇಟಿ ವರದಿಗಳ ಕಟ್ಟು ಬಿಚ್ಚಿದ. ಮೂರು ತಿಂಗಳಿಗೊಮ್ಮೆ ನಮ್ಮ ಅಧಿಕಾರಿಯೊಬ್ಬ ಆ ಜೈಲಿಗೆ ಹೋಗಿ ಬರೆದ ವರದಿಗಳು. ಏಳನೆಯ ಪ್ರಶ್ನೆ, ಆರೋಗ್ಯ. ಹನ್ನೊಂದು ಜನರಿಗೂ ಒಂದೇ ಉತ್ತರ, ತೃಪ್ತಿಕರ. ಹನ್ನೊಂದು ಜನರ ಪರವಾಗಿ ಒಬ್ಬನೇ ರುಜು ಹಾಕಿದ್ದ. ಎಲ್ಲರ ಕಾಗದ ಬರೆಯುತ್ತಿದ್ದವನೇ ಇರಬೇಕು. ಪ್ರಯಾಣದ ದಾಖಲೆಗೆಂದು ಜೈಲಿನವರು ಕಳಿಸಿದ ಫೋಟೋ ಕೂಡ ಇತ್ತು: ಬೋಳುತಲೆ, ಗುಳಿಬಿದ್ದ ಕೆನ್ನೆ. ಆರು ವರ್ಷದ ಹಿಂದಿನ ಫೋಟೋದ ಪಕ್ಕದಲ್ಲಿಟ್ಟರೆ, ಹೌದೆಂದರೆ ಹೌದು, ಅಲ್ಲವೆಂದರೆ ಅಲ್ಲ. ಅದನ್ನು ಅಕ್ಕನಿಗೆ ತೋರಿಸಲು ನಿನ್ನೆ ಎರಡು ಸಲ ಕೈಗೆತ್ತಿಕೊಂಡಿದ್ದ, ಎರಡು ಸಲವೂ ಕೆಳಗಿಟ್ಟಿದ್ದ.

ಭೇಟಿ ಅಧಿಕಾರಿ ಫೋನಿನಲ್ಲಿ ಸಿಕ್ಕ.

"ಪ್ರತಿ ಸಲ ಹನ್ನೊಂದೂ ಜನರನ್ನ ನೋಡಿದ್ರಾ?"

"ಎಣಿಸಿದೀನಿ ಸಾರ್. ಒಂದು ಸಲಾನೂ ಲೆಕ್ಕ ತಪ್ಪಿಲ್ಲ."

"ಎಣಿಸಿದ್ದು ಸರಿ. ನೋಡಿದ್ರಾ?"



"ಎರಡು ಜಾಲರಿ ಸಾರ್, ನಡುವೆ ಎಂಟು ಅಡಿ. ಇಪ್ಪತ್ತು ನಿಮಿಷ ಕೊಡ್ತಾರೆ. ಎಲ್ಲರದೂ ಬೋಳುತಲೆ, ಎಲ್ಲರದೂ ಬೂದುಬಣ್ಣದ ಅಂಗಿ. ಎದೆಮೇಲೆ ಹೊಲಿದಿರೋ ನಂಬರ್ ನೋಡಿ ಟಿಕ್ ಹಾಕ್ಕೊಂಡು ಬರ್ತೀನಿ. ಕುರಿ ಎಣಿಸಿದ ಹಾಗೆ ಅಂತ ಬೈಬೇಡಿ. ಬೇರೆ ದಾರಿ ಇಲ್ಲ."

"ನಾನು ಬೈಲಿಲ್ಲ," ಎಂದು ಅವನು ಫೋನಿಟ್ಟ. ಎಂಟು ಅಡಿ ದೂರದಿಂದ ಮನುಷ್ಯ ಕಾಣುವುದಿಲ್ಲ, ನಂಬರು ಕಾಣುತ್ತದೆ. ಹಾಗಾದರೆ ಆ ನಂಬರಿನ ಹಿಂದೆ ಇರುವವನು ಯಾರು? ಜೈಲಿಗೆ ಹೊರಗಿನಿಂದ ಯಾರೂ ನುಸುಳಲಾರರು. ಒಳಗೇ ಇದ್ದವನು ಯಾರೋ ಇರಬೇಕು.

"ಆ ಹಡಗಲ್ಲಿ ಇದ್ದಿದ್ದು ಹನ್ನೊಂದೇ ಜನಾನಾ?"

ಟಪಾಲಮ್ಮ ಲಕೋಟೆಗೆ ಅಂಟು ಸವರುತ್ತಲೇ ಹೇಳಿದಳು. "ಹನ್ನೆರಡನೆಯವನೊಬ್ಬ ಇದ್ದ. ಅಡುಗೆಯವನು. ನಾನೂ ನಿಮ್ಮ ದೇಶದವನೇ ಅಂತಿದ್ದ, ಒಂದು ಚೂರು ಕಾಗದ ಇರಲಿಲ್ಲ. ಹಿಂದೆ ಮುಂದೆ ಯಾರೂ ಇಲ್ಲ. ನಾವೂ ಮೂರು ಸಲ 'ಪೌರತ್ವ ದೃಢಪಟ್ಟಿಲ್ಲ' ಅಂತ ಬರೆದು ಕೈ ತೊಳ್ಕೊಂಡ್ವಿ. ತೀರ್ಕೊಂಡ, ಪಾಪ. ಎರಡು ವರ್ಷ ಆಯ್ತು."

ಹನ್ನೆರಡನೆಯ ಕಡತ ಕೆಳಗಿನ ಬೀರುವಿನಲ್ಲಿತ್ತು. ನಾಲ್ಕೇ ಹಾಳೆ. ಮೊದಲ ಮೂರು ನಿರಾಕರಣೆ. ಮೂರನೆಯದರ ಅಡಿಯಲ್ಲಿದ್ದದ್ದು ಇನ್ಸ್‌ಪೆಕ್ಟರನದೇ ರುಜು. ಅವನು ಬಂದ ಮೊದಲ ವರ್ಷ, ದಿನಕ್ಕೆ ಇಪ್ಪತ್ತು ಕಾಗದಕ್ಕೆ ರುಜು ಹಾಕುತ್ತಿದ್ದ ಕಾಲ. ಹಾಕಿದ್ದು ನೆನಪಿರಲಿಲ್ಲ.

ನಾಲ್ಕನೆಯದು ಜೈಲಿನ ಮರಣ ಚೀಟಿ. ಉಬ್ಬಸ. ವಾರಸುದಾರರಿಲ್ಲ, ಜೈಲಿನ ಜಮೀನಿನಲ್ಲೇ ಹೂಳಲಾಗಿದೆ. ಎತ್ತರ, ಐದು ಅಡಿ ಮೂರಿಂಚು. ಗುರುತು, ಎಡ ಮಣಿಕಟ್ಟಿನ ಮೇಲೆ ತ್ರಿಕೋನಾಕಾರದ ಹಳೆಯ ಸುಟ್ಟ ಕಲೆ.

ಅವನು ಅದನ್ನು ಒಂದೇ ಸಲ ಓದಿದ.

"ಮುಖ ಯಾಕೆ ಹೀಗಾಯ್ತು ಸಾರ್?"

"ಬೆಳಿಗ್ಗೆ ಏನೂ ತಿಂದಿಲ್ಲ," ಎಂದು ಅವನು ಎದ್ದ.

* * *

ಅದೇ ಜೈಲಿನ ಅದೇ ಕೋಣೆಯಲ್ಲಿ ನಾಲ್ಕು ವರ್ಷ ಇದ್ದು, ಬೇರೆ ಕೇಸಿನ ಶಿಕ್ಷೆ ಮುಗಿಸಿ ಎರಡು ತಿಂಗಳ ಹಿಂದೆ ಮರಳಿದವನೊಬ್ಬ ಊರಲ್ಲಿದ್ದ. ವೆಲ್ಡರ್. ಮುಖ್ಯರಸ್ತೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕಿಟಕಿಗಳಿಗೆ ಕಬ್ಬಿಣದ ಸರಳು ಜೋಡಿಸುತ್ತಿದ್ದ. ನೆಲದ ತುಂಬ ತುಕ್ಕು, ಕಪ್ಪು ಹುಡಿ, ಕತ್ತರಿಸಿ ಬಿಸಾಡಿದ ತುಂಡುಗಳು.

ಇನ್ಸ್‌ಪೆಕ್ಟರನನ್ನು ಕಂಡು ಮುಖವಾಡ ಮೇಲೆತ್ತಿದ. "ಬನ್ನಿ ಸಾರ್. ಅಲ್ಲಿ ನಾಲ್ಕು ವರ್ಷ ಕಂಬಿ ಎಣಿಸಿದೆ, ಇಲ್ಲಿ ಬಂದು ಕಂಬಿ ಕೂರಿಸ್ತಾ ಇದೀನಿ. ನನ್ನ ಹಣೇಲಿ ಬರೆದಿರೋದೇ ಕಬ್ಬಿಣ."

"ಚೆನ್ನಾಗಿದ್ದೀಯೇನಪ್ಪಾ?"

"ಚೆನ್ನಾಗಿದೀನೋ ಇಲ್ವೋ ಅಂತ ಕೇಳೋಕೆ ಸರಕಾರ ನಡ್ಕೊಂಡು ಬರಲ್ಲ. ಏನು ವಿಷಯ?"

ಇನ್ಸ್‌ಪೆಕ್ಟರ್ ಒಂದು ಖಾಲಿ ಡಬ್ಬದ ಮೇಲೆ ಕೂತ. ಮಾತಾಡಲಿಲ್ಲ. ಎದುರಿಗಿರುವವನಿಗೆ ಮೌನ ಭಾರವಾಗುವವರೆಗೂ ಕಾಯುವುದು ಅವನ ಪದ್ಧತಿ. ವೆಲ್ಡರ್ ಒಂದು ಸರಳು ಎತ್ತಿದ, ಅಳೆದ, ಇಟ್ಟ. ಅದನ್ನೇ ಮತ್ತೆ ಎತ್ತಿದ.

"ದರ್ಜಿ ಅಕ್ಕನ ತಮ್ಮ ಯಾವತ್ತು ತೀರ್ಕೊಂಡ?" ಎಂದು ಇನ್ಸ್‌ಪೆಕ್ಟರ್ ಮೆಲ್ಲಗೆ ಕೇಳಿದ.

"ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಿರಲಿಲ್ಲ. ಈಗ ನೀನು ಹೇಳಿದೆ."

ವೆಲ್ಡರ್ ಮುಖವಾಡವನ್ನು ಇಳಿಬಿಟ್ಟ. ಕಿಡಿ ಹಾರಿಸಲಿಲ್ಲ, ಸುಮ್ಮನೆ ಆ ಕಪ್ಪು ಗಾಜಿನ ಹಿಂದೆ ನಿಂತ. ಹೊರಗೆ ಯಾರೋ ಗಾಡಿ ಹಿಂದಕ್ಕೆ ತೆಗೆಯುತ್ತಿದ್ದ ಸದ್ದು.

"ನಮ್ಮ ಪಾಡಿಗೆ ನಮ್ಮನ್ನ ಬಿಟ್ಟುಬಿಡಿ ಸಾರ್."

"ಶುಕ್ರವಾರ ಬರೋನು ಅಡುಗೆಯವನು. ಅಲ್ವಾ?"

"ಗೊತ್ತಿದ್ದ ಮೇಲೆ ಯಾಕೆ ಕೆರೀತೀರಿ?"

"ಗಾಯ ನನಗೂ ಆಗಿದೆ. ಹೇಳು."

ವೆಲ್ಡರ್ ಮುಖವಾಡ ತೆಗೆದು ಮೊಣಕಾಲ ಮೇಲಿಟ್ಟುಕೊಂಡ. ಈಗ ಅವನ ಮಾತು ತುಂಡುತುಂಡಾಗಿ ಬಂತು.

"ಚಳಿಗಾಲ. ಉಬ್ಬಸ ಏರ್ತು. ಎರಡು ದಿನ ಬಾಗಿಲು ಬಡಿದ್ವಿ. ಡಾಕ್ಟರ್ ನಾಳೆ ಬರ್ತಾರೆ ಅಂದ್ರು, ನಾಳೇನೂ ಹಾಗೇ ಅಂದ್ರು. ಮೂರನೇ ದಿನ ಬೆಳಗಿನ ಎಣಿಕೆಗೆ ಮುಂಚೆ ಅವನೇ ಕರೆದು ಹೇಳ್ದ. ನನ್ನ ನಂಬರ್ ಅಡುಗೆಯಣ್ಣನಿಗೆ ಕೊಡಿ. ನನ್ನ ಹೆಸರನ್ನ ಯಾರೋ ಮೂರು ತಿಂಗಳಿಗೊಂದ್ಸಲ ಬಂದು ಕೇಳ್ತಾರೆ. ಅವನದನ್ನ ಕೇಳೋರಿಲ್ಲ. ಹಾಗಂದ. ಆಮೇಲೆ, ಅಕ್ಕನಿಗೆ ಕಾಗದ ನಿಲ್ಲಿಸಬೇಡಿ ಅಂದ."

"ಅಂಗಿ ಬದಲಾಯಿಸಿದ್ರಿ."

"ಅಡುಗೆಯಣ್ಣ ಉದ್ದ ಮನುಷ್ಯ. ಹಾಕ್ಕೊಳ್ಳಲ್ಲ ಅಂತ ಮಗು ಥರ ಕೈ ಬಿಗಿ ಹಿಡ್ಕೊಂಡು ಅಳ್ತಿದ್ದ. ನಾಲ್ಕು ಜನ ಹಿಡಿದು ತೊಡಿಸಿದ್ವಿ. ಕಾವಲಿನವನು ಬಂದ, ನಂಬರ್ ನೋಡಿ ಬರ್ಕೊಂಡ, ಹೆಣ ಎತ್ತಿಸಿದ. ಮುಖ ನೋಡಲಿಲ್ಲ. ಅಲ್ಲಿ ಯಾರೂ ಮುಖ ನೋಡಲ್ಲ."

"ಕಾಗದ?"

"ಬರೆಯೋ ಕೈ ಮೊದಲಿಂದ್ಲೂ ಒಂದೇ. ಹೇಳಿ ಬರೆಸೋದು ಅಡುಗೆಯಣ್ಣ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಒಂದು ಕಾಗದ ಬರೆದಿರಲಿಲ್ಲ ಸಾರ್. ಆ ಅಮ್ಮ ಬರೆದಿದ್ದನ್ನ ದಿಂಬಿನ ಕೆಳಗೆ ಇಟ್ಕೋತಿದ್ದ. ಅಕ್ಕನಿಗೆ ಮೊಣಕಾಲು ನೋವಂತೆ ಅಂತ ಕೋಣೆಯವರಿಗೆಲ್ಲ ಹೇಳ್ಕೊಂಡು ತಿರುಗ್ತಿದ್ದ."

ಇನ್ಸ್‌ಪೆಕ್ಟರ್ ನೆಲ ನೋಡುತ್ತಿದ್ದ. "ನಾನಿದನ್ನ ಬರೆದು ಕೊಡಬೇಕು. ಅದು ನನ್ನ ಕೆಲಸ."

"ಬರೀರಿ. ಹೆಣ ಬದಲಾಯಿಸಿದ್ದು ಅಲ್ಲಿ ಹೊಸ ಕೇಸು, ಹನ್ನೊಂದು ಜನರ ಮೇಲೂ. ಒಪ್ಪಂದ ಮುರೀತು. ಶುಕ್ರವಾರ ವಿಮಾನ ಖಾಲಿ ಬರುತ್ತೆ. ಮುಂದಿನ ಸಲ ಆ ಬಾಗಿಲು ತೆರೆಯೋ ಹೊತ್ತಿಗೆ ಎಷ್ಟು ಜನ ಉಳಿದಿರ್ತಾರೋ ಎಣಿಸ್ಕೊಳ್ಳಿ. ಎಣಿಸೋದ್ರಲ್ಲಿ ನೀವು ಎತ್ತಿದ ಕೈ."

"ಬರೆಯದೇ ಇದ್ರೆ ಆ ಅಕ್ಕ ಶುಕ್ರವಾರ ಯಾರನ್ನ ತಬ್ಬಿಕೊಳ್ಳಬೇಕು?"

ವೆಲ್ಡರ್ ಮೊಣಕಾಲ ಮೇಲಿನ ಮುಖವಾಡವನ್ನು ನೆಲಕ್ಕಿಟ್ಟ. "ಅದೊಂದನ್ನೇ ನಾವೂ ತಿಂಗಳುಗಟ್ಟಲೆ ಯೋಚನೆ ಮಾಡಿದ್ವಿ. ಬಗೆಹರೀಲಿಲ್ಲ. ಬರೀತಾ ಹೋದ್ವಿ."

"ನೀನು ಬಂದು ಎರಡು ತಿಂಗಳಾಯ್ತು. ನೀನೇ ಹೇಳಬಹುದಿತ್ತು."

"ಹೋಗಿದ್ದೆ. ಎರಡು ಸಲ. ಅಂಗಡಿ ಒಳಗೆ ಕಾಲಿಟ್ಟೆ. ಏನಪ್ಪಾ ಅಂದ್ರು. ಪ್ಯಾಂಟು ಉದ್ದ ಆಯ್ತಮ್ಮ, ಸ್ವಲ್ಪ ಕಡಿಮೆ ಮಾಡಿ ಅಂದೆ. ಎರಡು ಸಲವೂ ಅದನ್ನೇ ಅಂದೆ. ಈಗ ನೋಡಿ." ಅವನು ಕಾಲು ಮುಂದೆ ಚಾಚಿದ. ಪ್ಯಾಂಟು ಹರಡಿನಿಂದ ನಾಲ್ಕು ಬೆರಳು ಮೇಲಿತ್ತು.

ಇಬ್ಬರೂ ನಗಲಿಲ್ಲ.

"ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ," ಎಂದ ವೆಲ್ಡರ್. "ಅಡುಗೆಯಣ್ಣ ನಮ್ಮವನೇ ಅಂತ ನಿಮ್ಮ ಆಫೀಸಿಂದ ಒಂದು ಸಾಲು ಬಂದಿದ್ರೆ, ಯಾರ ನಂಬರೂ ಯಾರಿಗೂ ಬೇಕಾಗ್ತಿರಲಿಲ್ಲ. ನಮ್ಮವನಲ್ಲ ಅಂತ ಬರೆದ ಆ ಪುಣ್ಯಾತ್ಮ ಯಾರೋ."

"ಯಾರೋ," ಎಂದ ಇನ್ಸ್‌ಪೆಕ್ಟರ್.

* * *

ಮರಳಿ ಬಂದಾಗ ನಾಲ್ಕು ಗಂಟೆ. ದಾರಿಯುದ್ದಕ್ಕೂ ಅವನೊಂದು ನಿರ್ಧಾರವನ್ನು ಹೊರಳಿಸುತ್ತ ಬಂದಿದ್ದ. ಶುಕ್ರವಾರದವರೆಗೆ ಬಾಯಿ ಮುಚ್ಚಿಕೊಂಡಿರುವುದು. ಹನ್ನೊಂದು ಜನ ಈ ನೆಲದ ಮೇಲೆ ಕಾಲಿಟ್ಟ ಮೇಲೆ ಅಕ್ಕನನ್ನು ಒಂದು ಕೋಣೆಯಲ್ಲಿ ಕೂರಿಸಿ ಹೇಳುವುದು. ಮೂರು ದಿನ. ಎರಡು ವರ್ಷ ತಿಳಿಯದಿದ್ದವಳಿಗೆ ಇನ್ನು ಮೂರು ದಿನ.

ಟಪಾಲಮ್ಮ ಬಾಗಿಲಲ್ಲೇ ಕಾಗದ ಹಿಡಿದು ನಿಂತಿದ್ದಳು.

"ನಿಮ್ಮ ಪತ್ರಕ್ಕೆ ಉತ್ತರ ಬಂತು ಸಾರ್. ನೀವು ಕೇಳಿದ್ದು ಒಂದು ತೋಳು. ಅವರು ಕೇಳ್ತಿರೋದು ಹನ್ನೊಂದು ಮುಖ. ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು."

ಅವನು ಓದಿದ. ನಿಮ್ಮ ಸೋಮವಾರದ ಪತ್ರದ ಹಿನ್ನೆಲೆಯಲ್ಲಿ, ಬಂದಿಗಳ ಗುರುತಿನ ಬಗ್ಗೆ ನಿಮಗೇ ಖಾತರಿ ಇಲ್ಲವೆಂದು ಭಾವಿಸಲಾಗಿದೆ. ಆದ್ದರಿಂದ ಪ್ರತಿಯೊಬ್ಬನನ್ನೂ ಅವನ ರಕ್ತಸಂಬಂಧಿಯೊಬ್ಬರು ವೀಡಿಯೊ ಪರದೆಯ ಮೇಲೆ ನೋಡಿ ಗುರುತಿಸಿ ಹೇಳಬೇಕು. ನೀವು ಸಂದೇಹಿಸಿದ ನಂಬರಿನಿಂದಲೇ ಆರಂಭ, ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ. ಒಬ್ಬನ ಗುರುತು ತಪ್ಪಿದರೂ ವಿಚಾರಣೆ ಮುಗಿಯುವವರೆಗೆ ಹನ್ನೊಂದೂ ಜನರ ಹಸ್ತಾಂತರ ರದ್ದು.

ಬುಧವಾರ ಎಂದರೆ ನಾಳೆ.

ಮೇಜಿನ ಫೋನು ಬಡಿದುಕೊಂಡಿತು. ನಿರ್ದೇಶಕರು. "ಏನ್ರೀ ಇದು? ಆ ಹನ್ನೊಂದನೆಯವನ ಮೇಲೆ ನಿಮಗೇನಾದ್ರೂ ಅನುಮಾನ ಇದೆಯಾ?"

"ಬರೆದು ಕೊಡುವಂಥದ್ದು ಏನೂ ಇಲ್ಲ ಸಾರ್."

"ಇದ್ರೆ ಈಗ್ಲೇ ಹೇಳಿ. ನಾಳೆ ಆ ಹೆಂಗಸು ಪರದೆ ಮುಂದೆ ಕೂತು ಅಲ್ಲ ಅಂದ್ರೆ ಮಾನ ಹರಾಜಾಗೋದು ನಮ್ಮದು."

"ಏನೂ ಇಲ್ಲ ಸಾರ್."

"ಹಾಗಾದ್ರೆ ನೀವೇ ಹೋಗಿ ತಿಳಿಸಿ. ಹತ್ತೂವರೆಗೆ ಇಲ್ಲಿರಬೇಕು."

ಫೋನಿಟ್ಟಾಗ ಟಪಾಲಮ್ಮ ಅವನನ್ನೇ ನೋಡುತ್ತಿದ್ದಳು. ಬೆಳಿಗ್ಗೆ ಅವನು ಮೇಜಿನ ಮೇಲೆಯೇ ಬಿಟ್ಟುಹೋಗಿದ್ದ ಹನ್ನೆರಡನೆಯ ಕಡತ ಈಗ ಆಕೆಯ ಮೇಜಿನ ಮೇಲಿತ್ತು. ದಾರ ಬಿಚ್ಚಿತ್ತು.

* * *

ಅಂಗಡಿ ಒಂದು ಓಣಿಯ ತಿರುವಿನಲ್ಲಿತ್ತು. ಎರಡು ಹೊಲಿಗೆ ಯಂತ್ರ, ಗೋಡೆಗೆ ತೂಗುಹಾಕಿದ ಅರೆಬರೆ ಅಂಗಿಗಳು, ನೆಲದ ಮೇಲೆ ಬಣ್ಣಬಣ್ಣದ ಚೂರು. ಆಕೆ ಸೀಮೆಸುಣ್ಣದಿಂದ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದಳು. ಅವನನ್ನು ಕಂಡು ಗೆರೆ ಅರ್ಧಕ್ಕೇ ನಿಂತಿತು.

"ವಿಚಾರಿಸಿದ್ರಾ ಸಾರ್?"

"ವಿಚಾರಿಸ್ತಾ ಇದೀನಮ್ಮ. ನಾಳೆ ನೀವು ಆಫೀಸಿಗೆ ಬರಬೇಕು. ಪರದೆ ಮೇಲೆ ತೋರಿಸ್ತಾರಂತೆ."

"ಯಾರನ್ನ?"

"ಶುಕ್ರವಾರ ಬರೋರನ್ನ."

ಆಕೆ ಸ್ಟೂಲಿನ ಮೇಲೆ ಕೂತಳು. ಕೈಗೆ ಮೆತ್ತಿದ್ದ ಸುಣ್ಣ ಸೀರೆಗಾಯಿತು. ಗಮನಿಸಲಿಲ್ಲ. "ಮುಖ ಕಾಣುತ್ತಾ? ಪೂರ್ತಿ ಮುಖ?"

"ಕಾಣುತ್ತೆ."

"ಆರು ವರ್ಷ ಆಯ್ತು ಸಾರ್. ಕೆಲವು ದಿನ ಎಷ್ಟು ನೆನಪು ಮಾಡ್ಕೊಂಡ್ರೂ ಮುಖ ಬರೋದೇ ಇಲ್ಲ, ಧ್ವನಿ ಮಾತ್ರ ಬರುತ್ತೆ. ಮಾತಾಡೋಕೆ ಬಿಡ್ತಾರಾ?"

"ಸ್ವಲ್ಪ ಹೊತ್ತು. ಮೊದಲು ಅಲ್ಲಿಯ ಅಧಿಕಾರಿ ನಿಮ್ಮನ್ನ ಒಂದು ಪ್ರಶ್ನೆ ಕೇಳ್ತಾರೆ. ಇವನು ನಿಮ್ಮ ತಮ್ಮನಾ ಅಂತ. ಹೌದು ಅಥವಾ ಅಲ್ಲ. ಅಷ್ಟೇ ಹೇಳಬೇಕು. ನೀವು ಹೇಳೋ ಒಂದು ಮಾತಿನ ಮೇಲೆ ಹನ್ನೊಂದು ಜನ ಬರೋದೂ ಬಿಡೋದೂ ನಿಂತಿದೆ."

"ಎತ್ತಿ ಆಡಿಸಿದ ಅಕ್ಕನಿಗೆ ಕೇಳೋ ಪ್ರಶ್ನೇನಾ ಅದು?" ಆಕೆ ನಗಲು ಹೋದಳು. ನಗು ಅರ್ಧದಲ್ಲೇ ನಿಂತು, ಕಣ್ಣು ಅವನ ಮುಖದ ಮೇಲೆ ಏನನ್ನೋ ಹುಡುಕುತ್ತ ಉಳಿಯಿತು. "ನೀವು ಹೇಳೋಕೆ ಬಂದಿದ್ದು ಇಷ್ಟೇನಾ ಸಾರ್?"

ಯಂತ್ರದ ಸೂಜಿಯ ಕೆಳಗೆ ಸಿಕ್ಕಿಸಿದ್ದ ಬಟ್ಟೆಯ ತುದಿ ಗಾಳಿಗೆ ಅಲುಗಿತು. ಹೇಳಬೇಕಾದ ಮಾತು ಚಿಕ್ಕದು, ನಾಲ್ಕೇ ಪದ. ಅದು ಅವನ ನಾಲಿಗೆಯವರೆಗೂ ಬಂದಿತ್ತು. ಹೇಳಿದರೆ ಆಕೆ ಇಲ್ಲೇ, ಈ ಚೂರುಬಟ್ಟೆಗಳ ನಡುವೆ ಅಳುತ್ತಾಳೆ. ಆಮೇಲೆ ನಾಳೆ ಹನ್ನೊಂದಕ್ಕೆ ಪರದೆಯ ಮುಂದೆ ಸುಳ್ಳು ಹೇಳು ಎಂದು ಅವಳನ್ನೇ ಬೇಡಬೇಕು. ಹೇಳದಿದ್ದರೆ, ಆಕೆ ಅದನ್ನು ಪರದೆಯಲ್ಲೇ ತಿಳಿಯುತ್ತಾಳೆ, ಎರಡು ದೇಶದ ಅಧಿಕಾರಿಗಳು ನೋಡುತ್ತಿರುವಾಗ.

"ಗುರುತಿನ ಚೀಟಿ ತನ್ನಿ," ಎಂದ. "ಎರಡನೇ ಮಹಡಿ. ಹತ್ತೂವರೆಗೆ. ಧ್ವನಿ ಸ್ವಲ್ಪ ತಡವಾ‌ಗಿ ಬರುತ್ತೆ, ಗಾಬರಿಯಾಗಬೇಡಿ. ಜೊತೆಗೆ ಯಾರನ್ನಾದ್ರೂ ಕರ್ಕೊಂಡು ಬನ್ನಿ."

"ಯಾಕೆ? ನಾನೊಬ್ಬಳೇ ಬರೋದು ಬೇಡವಾ?"

"ಮೆಟ್ಟಿಲು ಜಾಸ್ತಿ."

ಬೆಳಿಗ್ಗೆ ತಾನೇ ಬಂದು ಕರೆದುಕೊಂಡು ಹೋಗುತ್ತೇನೆ ಎಂದ. ದಾರಿಯಲ್ಲಿ ಎಷ್ಟು ಹೊತ್ತಾಗುತ್ತದೆ, ಯಾವ ಬಾಗಿಲಿನಿಂದ ಒಳಗೆ ಹೋಗಬೇಕು, ಎಲ್ಲಿ ರುಜು ಹಾಕಬೇಕು ಎಂಬುದನ್ನೆಲ್ಲ ಎರಡೆರಡು ಸಲ ಹೇಳಿದ. ಆಕೆ ಎಲ್ಲದಕ್ಕೂ ತಲೆಯಾಡಿಸಿದಳು.

ನಿಮ್ಮ ತಮ್ಮ ಬದುಕಿಲ್ಲ ಅಕ್ಕ ಎಂದು ಅವನು ಹೇಳಲಿಲ್ಲ.